ದೊಡ್ಡಮ್ಮ ನೋಡಿದ ಫ್ರೆಂಚರ ಭಾರತ

2025ರ ಜುಲೈ ತಿಂಗಳು. ಬೆಳಗಿನ ಉಪ್ಪಿಟ್ಟಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ ನ್ಯೂಜೆರ್ಸಿಯಿಂದ ಮಗಳ ಫೋನು ಬಂತು. ಅವಳಿಗೆ ರಾತ್ರಿಯ ಊಟ ಮುಗಿದು ಪುರಸೊತ್ತಾಗುವಾಗ ನನಗಿಲ್ಲಿ ಸಾಸಿವೆ ಸಿಡಿಯುವ ಸಮಯ. ಇಷ್ಟು ವರ್ಷಗಳಲ್ಲಿ ಇಬ್ಬರಿಗೂ ಅದು ರೂಢಿಯಾಗಿಬಿಟ್ಟಿದೆ.

"ಅಮ್ಮಾ, ರಾಮಾಯಣದ ತುಣುಕು ನೋಡಿದ್ಯಾ? ನಿತೇಶ್ ತಿವಾರಿ ಮಾಡ್ತಿರೋದು. ಸಾಯಿಪಲ್ಲವಿ ಸೀತೆ, ನಮ್ಮ ಯಶ್ ರಾವಣ! ಯಶ್ ನಿರ್ಮಾಪಕರಲ್ಲೂ ಒಬ್ಬ. ಸಂಗೀತಕ್ಕೆ ರೆಹಮಾನ್ ಜೊತೆ ಹಾಲಿವುಡ್ಡಿನ ಹಾನ್ಸ್ ಜಿಮ್ಮರ್. ಎರಡು ಭಾಗಕ್ಕೂ ಸೇರಿ ನಾಲ್ಕು ಸಾವಿರ ಕೋಟಿ ರೂಪಾಯಂತೆ, ನಿರ್ಮಾಪಕರೇ ಹೇಳಿದಾರೆ."

"ನಾಲ್ಕು ಸಾವಿರ ಕೋಟಿಯೇ? ಅದರಲ್ಲಿ ನಿಜವಾದ ಸೇತುವೆಯನ್ನೇ ಕಟ್ಟಬಹುದಿತ್ತಲ್ಲೇ!" ಅಂದೆ.

"ತಮಾಷೆ ಬೇಡಮ್ಮ. ಪ್ರಪಂಚಕ್ಕೆಲ್ಲ ತೋರಿಸೋದಕ್ಕೆ ಮಾಡ್ತಿದಾರೆ. ಇಲ್ಲಿಯವರಿಗೂ ಅರ್ಥವಾಗೋ ಹಾಗೆ."

ಫೋನಿಟ್ಟ ಮೇಲೂ ಆ ಮಾತು ತಲೆಯಲ್ಲಿ ಉಳಿಯಿತು. ಅಲ್ಲಿಯವರಿಗೆ ಅರ್ಥವಾಗುವ ಹಾಗೆ ನಮ್ಮ ಕಥೆ ಹೇಳುವುದು! ನಾನು ಮೂವತ್ತು ವರ್ಷ ಕಾಲೇಜು ಹುಡುಗರಿಗೆ ಚರಿತ್ರೆ ಹೇಳಿಕೊಟ್ಟವಳು. ಯಾವ ಸಂಖ್ಯೆ ಕೇಳಿದರೂ ಹಿಂದಿನದೊಂದರ ಪಕ್ಕದಲ್ಲಿಟ್ಟು ನೋಡುವ ಚಾಳಿ ನನ್ನದು. ಉಪ್ಪಿಟ್ಟು ತಳ ಹಿಡಿಯುತ್ತಿದ್ದರೂ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ.

ಕನ್ನಡದ ಮೊಟ್ಟಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಕೂಡ ರಾಮಾಯಣದ ಕಥೆಯೇ. ಅದು ತೆರೆಕಂಡದ್ದು 1934ರ ಮಾರ್ಚ್ 3ರಂದು, ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಮೌಂಟ್ ಟಾಕೀಸಿನಲ್ಲಿ. ಆಗ ನಮ್ಮಲ್ಲಿ ಸ್ಟುಡಿಯೋ ಎಲ್ಲಿತ್ತು? ಎಲ್ಲರೂ ಕೊಲ್ಹಾಪುರದ ಛತ್ರಪತಿ ಸಿನಿಟೋನಿಗೆ ಹೋಗಿ ಚಿತ್ರ ತೆಗೆದರು. ಹಣ ಹಾಕಿದವರು ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ. ನಿರ್ದೇಶನ ವೈ.ವಿ. ರಾವ್ ಅವರದು, ಮಾತು ಮತ್ತು ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬಾ ಸುಲೋಚನೆ. ಖರ್ಚು ಸುಮಾರು ನಲವತ್ತು ಸಾವಿರ ರೂಪಾಯಿ ಎಂದು ಹೇಳುತ್ತಾರೆ. ನಲವತ್ತು ಸಾವಿರ ಎಲ್ಲಿ, ನಾಲ್ಕು ಸಾವಿರ ಕೋಟಿ ಎಲ್ಲಿ! ಹತ್ತು ಲಕ್ಷ ಪಟ್ಟು ಹೆಚ್ಚು. ಅಂದಿನ ರೂಪಾಯಿಯೇ ಬೇರೆ, ಇಂದಿನದೇ ಬೇರೆ ಅನ್ನಿ. ಆದರೂ ತೊಂಬತ್ತೊಂದು ವರ್ಷಗಳ ಆಚೆಗೂ ಈಚೆಗೂ ರಾವಣ ಮಾತ್ರ ಕನ್ನಡದವನೇ ಎಂಬುದನ್ನು ಕಂಡು ನಗು ಬಂತು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. 'ಸತಿ ಸುಲೋಚನಾ' ಎಂದ ಕೂಡಲೇ ನನಗೆ ನಮ್ಮ ದೊಡ್ಡಮ್ಮನ ನೆನಪಾಗುತ್ತದೆ.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. 1912ರಲ್ಲಿ ಹುಟ್ಟಿದವಳು. ಒಂಬತ್ತಕ್ಕೆ ಮದುವೆ, ಹದಿಮೂರಕ್ಕೆ ವೈಧವ್ಯ. ಗಂಡನ ಮುಖ ಸರಿಯಾಗಿ ನೆನಪಿಲ್ಲ ಎನ್ನುತ್ತಿದ್ದಳು. ತಲೆ ತೆಗೆಸಿ, ಕೆಂಪು ಸೀರೆ ಉಡಿಸಿ ತವರಿಗೆ ತಂದು ಬಿಟ್ಟರು. ಆಮೇಲಿನ ಎಪ್ಪತ್ತು ವರ್ಷ ಆ ಮನೆಯ ಅಡುಗೆ, ಮಡಿ, ಬಾಣಂತನ ಎಲ್ಲ ಅವಳ ಪಾಲಿನದು. 1934ರಲ್ಲಿ ನಮ್ಮ ಸೋದರಮಾವ ಬೆಂಗಳೂರಿನಲ್ಲಿ 'ಸತಿ ಸುಲೋಚನಾ' ನೋಡಿ ಬಂದು, ಜಗಲಿಯಲ್ಲಿ ಕೂತು ಒಂದೊಂದು ದೃಶ್ಯವನ್ನೂ ಅಭಿನಯಿಸಿ ತೋರಿಸಿದರಂತೆ. ದೊಡ್ಡಮ್ಮ ಬಾಗಿಲ ಹಿಂದೆ ನಿಂತು ಕೇಳಿದಳು. ಚಿತ್ರ ಊರ ಹತ್ತಿರಕ್ಕೆ ಬಂದಾಗ ಮನೆಯವರೆಲ್ಲ ಗಾಡಿ ಕಟ್ಟಿಕೊಂಡು ಹೋದರು. ಇವಳು ಮನೆ ಕಾದಳು. ಸುಲೋಚನೆ ಗಂಡ ಸತ್ತವಳು. ಗಂಡ ಸತ್ತವಳ ಕಥೆಯನ್ನು ಗಂಡ ಸತ್ತವಳು ಹೋಗಿ ನೋಡುವಂತಿರಲಿಲ್ಲ! ಆ ಚಿತ್ರದ ಪ್ರತಿ ಈಗ ಎಲ್ಲಿಯೂ ಉಳಿದಿಲ್ಲ. ಹೀಗಾಗಿ ಅವಳಿಗೆ ಅದು ಕೊನೆಗೂ ಕೇಳಿದ ಚಿತ್ರವಾಗಿಯೇ ಉಳಿಯಿತು.

ಕೇಳುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ನಮ್ಮ ಶಿವಮೊಗ್ಗೆಯ ಕಡೆ ಗಮಕದ ಹುಚ್ಚು ಹೆಚ್ಚು. ಪಕ್ಕದ ಹೊಸಹಳ್ಳಿಯಂತೂ ಗಮಕಕ್ಕೇ ಹೆಸರಾದ ಊರು. ಮಳೆಗಾಲದಲ್ಲಿ ಯಾರ ಮನೆಯಲ್ಲಾದರೂ ಕುಮಾರವ್ಯಾಸನ ವಾಚನ ನಡೆದೇ ನಡೆಯುತ್ತಿತ್ತು. ದೊಡ್ಡಮ್ಮನಿಗೆ ಓದಲು ಬರುತ್ತಿದ್ದುದು ಅಷ್ಟಕ್ಕಷ್ಟೆ. ಆದರೆ ಕೇಳಿ ಕೇಳಿಯೇ ಸಭಾಪರ್ವದ ಷಟ್ಪದಿಗಳು ಅವಳಿಗೆ ಬಾಯಿಪಾಠ. ಕಾಯಿ ತುರಿಯುತ್ತಾ, ಅಕ್ಕಿ ಆರಿಸುತ್ತಾ ಹೇಳಿಕೊಳ್ಳುತ್ತಿದ್ದಳು. ವಾಚನಕಾರರು ಎಲ್ಲಾದರೂ ಒಂದು ಪದ ತಪ್ಪಿದರೆ ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು!

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

1990ರಲ್ಲಿ ನಮ್ಮೂರಿನ ಮಹಿಳಾ ಸಮಾಜದಲ್ಲಿ ನನ್ನದೊಂದು ಭಾಷಣವಿತ್ತು. ದೂರದರ್ಶನದಲ್ಲಿ ಬಿ.ಆರ್. ಚೋಪ್ರಾ ಅವರ ಮಹಾಭಾರತ ಮುಗಿದ ಹೊಸತು. 1988ರ ಅಕ್ಟೋಬರಿನಿಂದ 1990ರ ಜೂನ್ ತನಕ, ತೊಂಬತ್ನಾಲ್ಕು ಕಂತು, ಭಾನುವಾರ ಬೆಳಿಗ್ಗೆ ಬೀದಿಗಳೆಲ್ಲ ಬಿಕೋ ಎನ್ನುತ್ತಿದ್ದವು. ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಅದೇ ವೇಳೆಗೆ ಪೀಟರ್ ಬ್ರೂಕ್ ಎಂಬ ಇಂಗ್ಲಿಷ್ ನಿರ್ದೇಶಕ ಪ್ಯಾರಿಸ್ಸಿನಲ್ಲಿ ಕುಳಿತು ಮಹಾಭಾರತವನ್ನು ಸಿನಿಮಾ ಮಾಡಿದ್ದಾನೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿತ್ತು. ವಿದ್ವಾಂಸ ರುಸ್ತುಂ ಭರೂಚಾ ಅವರು 1988ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಅದರ ನಾಟಕರೂಪವನ್ನು ಕಟುವಾಗಿ ಟೀಕಿಸಿ ಬರೆದಿದ್ದರು. ಕಥೆಯನ್ನು ಅದರ ನೆಲದಿಂದ, ನಂಬಿಕೆಯಿಂದ, ಆಚಾರದಿಂದ ಬಿಡಿಸಿ ಪಶ್ಚಿಮದ ಪೇಟೆಗೆ ಒಯ್ದಿದ್ದಾರೆ ಎಂಬುದು ಅವರ ವಾದದ ಸಾರ. ಕಾಲೇಜಿನ ಲೈಬ್ರರಿಯಲ್ಲಿ ಅದನ್ನು ಓದಿದ್ದೆ. ಸರಿ, ಅದನ್ನೇ ಇನ್ನಷ್ಟು ಖಾರ ಹಾಕಿ ಬಡಿಸಿದೆ. ಕೊಹಿನೂರು ಹೋಯಿತು, ಈಗ ಮಹಾಭಾರತವೂ ಹೋಯಿತು ಎಂದೆ. ಚಪ್ಪಾಳೆಯೋ ಚಪ್ಪಾಳೆ! ಚಿತ್ರ ನಾನು ನೋಡಿಯೇ ಇರಲಿಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮಾರನೆಯ ವರ್ಷ ಇಂಗ್ಲೆಂಡಿನಿಂದ ಬಂದ ನಮ್ಮ ನಾದಿನಿ ಮೂರು ವೀಡಿಯೋ ಕ್ಯಾಸೆಟ್ಟು ತಂದುಕೊಟ್ಟಳು. "ಅತ್ತಿಗೆ, ನೀವು ಬೈದಿರಂತಲ್ಲ, ಅದೇ ಸಿನಿಮಾ. ಈಗ ನೋಡಿ ಇನ್ನೊಂದು ಸಲ ಬೈಯಿರಿ" ಅಂದಳು. ನಾಚಿಕೆಯಾಯಿತು. ಬಾಡಿಗೆಗೆ ವಿ.ಸಿ.ಪಿ. ತಂದೆವು. ದಿನದ ಬಾಡಿಗೆಯಾದ್ದರಿಂದ ಕರೆಂಟು ಇದ್ದಷ್ಟು ಹೊತ್ತೂ ನೋಡಿಬಿಡಬೇಕಿತ್ತು. ದೊಡ್ಡಮ್ಮ ಆಗ ನಮ್ಮ ಮನೆಯಲ್ಲೇ ಇದ್ದಳು. ಎಪ್ಪತ್ತೊಂಬತ್ತು ವರ್ಷ. "ನಾನೂ ನೋಡ್ತೀನೇ" ಎಂದು ಮಣೆ ಹಾಕಿಕೊಂಡು ಗೋಡೆಗೆ ಒರಗಿ ಕೂತಳು. ಕುರ್ಚಿ ಅವಳಿಗೆ ಆಗದು. ಮಾತೆಲ್ಲ ಇಂಗ್ಲಿಷು, ನಾನು ಪಕ್ಕದಲ್ಲಿ ಕೂತು ಕನ್ನಡಕ್ಕೆ ತಿರುಗಿಸಿ ಹೇಳುವುದೆಂದಾಯಿತು. ನಮ್ಮ ಯಜಮಾನರು ಭೀಷ್ಮ ಹುಟ್ಟುವುದರೊಳಗೆ ಗೊರಕೆ ಹೊಡೆಯತೊಡಗಿದರು.

ಚಿತ್ರದ ಹಿಂದಿನ ಕಥೆಯನ್ನು ಇಲ್ಲಿ ಹೇಳಿಬಿಡುವುದು ವಾಸಿ. ಬ್ರೂಕ್ ಇಂಗ್ಲೆಂಡಿನಲ್ಲಿ ಷೇಕ್ಸ್‌ಪಿಯರ್ ನಾಟಕಗಳಿಂದ ಹೆಸರು ಮಾಡಿ, 1970ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ನೆಲೆಸಿದವನು. ಅವನ ಜೊತೆಗಾರ ಜಾಂ ಕ್ಲೋದ್ ಕಾರಿಯೇರ್ ಎಂಬ ಫ್ರೆಂಚ್ ಲೇಖಕ. ಇಬ್ಬರಿಗೂ ಸಂಸ್ಕೃತ ಬಾರದು. 1975ರ ಸುಮಾರಿಗೆ ಫಿಲಿಪ್ ಲವಾಸ್ತೀನ್ ಎಂಬ ಸಂಸ್ಕೃತ ವಿದ್ವಾಂಸರು ಈ ಇಬ್ಬರಿಗೆ ರಾತ್ರಿಗಳ ಕಾಲ ಕೂತು ಭಾರತದ ಕಥೆ ಹೇಳಿದರು. ಗಮನಿಸಿ, ಇವರೂ ಮೊದಲು ಕಿವಿಯಿಂದಲೇ ಕೇಳಿದವರು, ನಮ್ಮ ದೊಡ್ಡಮ್ಮನ ಹಾಗೆ. ಆಮೇಲೆ ಹತ್ತು ವರ್ಷ ಅದೇ ಗುಂಗು. ಅನುವಾದಗಳನ್ನು ಓದಿದರು, ಭಾರತಕ್ಕೆ ಮತ್ತೆ ಮತ್ತೆ ಬಂದರು, ಕಥಕಳಿಯಂಥವನ್ನು ನೋಡಿದರು. ಕಾರಿಯೇರ್ ಬರೆದ, ಹರಿದ, ಮತ್ತೆ ಬರೆದ. 'ಧರ್ಮ' ಎಂಬ ಮಾತಿಗೆ ಫ್ರೆಂಚಿನಲ್ಲಿ ಸಮನಾದುದು ಸಿಗದೆ ಅದನ್ನು ಹಾಗೆಯೇ ಉಳಿಸಿಕೊಂಡ. ಈ ಒಂದು ವಿಷಯದಲ್ಲಿ ನನಗೆ ಅವನ ಮೇಲೆ ಗೌರವ. ನಮ್ಮಲ್ಲೇ ಎಷ್ಟು ಜನ 'ರಿಲಿಜನ್' ಎಂದು ಹೇಳಿ ಮುಂದೆ ಹೋಗಿಬಿಡುತ್ತಾರೆ!

1985ರ ಜುಲೈ 7ರಂದು ದಕ್ಷಿಣ ಫ್ರಾನ್ಸಿನ ಅವಿನ್ಯೋಂ ನಾಟಕೋತ್ಸವದಲ್ಲಿ, ಊರಾಚೆಯ ಬುಲ್ಬೋಂ ಎಂಬಲ್ಲಿ, ಕಲ್ಲು ತೆಗೆದು ಬಿಟ್ಟ ಒಂದು ದೊಡ್ಡ ಗಣಿಯಲ್ಲಿ ನಾಟಕ ಮೊದಲಾಯಿತು. ಒಂಬತ್ತು ಗಂಟೆಯ ನಾಟಕ. ಮೂರು ದಿನ ಮೂರು ಭಾಗವಾಗಿ ಆಡುತ್ತಿದ್ದರು. ಕೆಲವು ದಿನ ಸಂಜೆ ಶುರುಮಾಡಿದರೆ ಮುಗಿಯುವಾಗ ಬಂಡೆಗಳ ಮೇಲೆ ಸೂರ್ಯ ಹುಟ್ಟುತ್ತಿದ್ದ. ರಂಗದ ಮೇಲೆ ಮಣ್ಣು, ನೀರು, ಬೆಂಕಿ ಇಷ್ಟೇ. ರಥವೆಂದರೆ ಒಂದು ಚಕ್ರ. ಇದನ್ನು ಓದಿದಾಗ ನಾನು ಮನಸ್ಸಿನಲ್ಲೇ ಅಂದುಕೊಂಡೆ: ಅಯ್ಯೋ, ಇದು ನಮ್ಮ ಬಯಲಾಟವಲ್ಲವೇ! ಗದ್ದೆಯಲ್ಲಿ ಕಂಬಳಿ ಹೊದ್ದು ಕೂತು ಬೆಳಗಿನ ತನಕ ಗದಾಯುದ್ಧ ನೋಡಿ, ಕಣ್ಣುಜ್ಜಿಕೊಂಡು ಹಾಲು ಕರೆಯಲು ಹೋದವರಿಗೆ ಇದರಲ್ಲೇನು ಹೊಸತು? ಆದರೆ ಅಲ್ಲಿನವರಿಗೆ ಅದು ಹೊಸತು. ರಾತ್ರಿಯೆಲ್ಲ ನಿದ್ದೆಗೆಟ್ಟು ಪರದೇಶದ ಕಥೆ ಕೇಳಿ, ಬೆಳಗ್ಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು.

1987ರಿಂದ ಅದನ್ನೇ ಇಂಗ್ಲಿಷಿನಲ್ಲಿ ಆಡುತ್ತಾ ಅಮೆರಿಕ, ಆಸ್ಟ್ರೇಲಿಯಾ, ಜಪಾನು, ಸ್ಕಾಟ್ಲೆಂಡು ಎಂದು ತಿರುಗಿದರು. ಕೊನೆಗೆ 1989ರಲ್ಲಿ ಸಿನಿಮಾ. ಒಂದೇ ಕಡೆಯಿಂದ ಹಣ ಹೊರಡಲಿಲ್ಲ; ಹಲವು ದೇಶಗಳ ಟೆಲಿವಿಷನ್ ಸಂಸ್ಥೆಗಳು ಸೇರಿ ಹಾಕಿದವು. ಇಡೀ ಕುರುಕ್ಷೇತ್ರ ಪ್ಯಾರಿಸ್ಸಿನ ಸ್ಟುಡಿಯೋದ ನಾಲ್ಕು ಗೋಡೆಯೊಳಗೆ ನಡೆಯಿತು. ಟಿ.ವಿ.ಗೆ ಐದು ಗಂಟೆಗೂ ಮಿಕ್ಕ ಪ್ರತಿ, ಚಿತ್ರಮಂದಿರಕ್ಕೆ ಮೂರು ಗಂಟೆಗಿಂತ ತುಸು ಕಡಿಮೆ. ನಾವು ನೋಡಿದ್ದು ದೊಡ್ಡದು. ಮೊದಲ ಕ್ಯಾಸೆಟ್ಟು ದ್ಯೂತ, ಎರಡನೆಯದು ವನವಾಸ, ಮೂರನೆಯದು ಯುದ್ಧ.

ಶುರುವಾಗಿ ಹತ್ತು ನಿಮಿಷಕ್ಕೇ ದೊಡ್ಡಮ್ಮನ ತಕರಾರು. "ಇದೇನೇ, ಇವರಿಗೆ ಒಂದು ಕಿರೀಟವಾದರೂ ಬೇಡವೇ? ಅರಮನೆಯೋ ಕೊಟ್ಟಿಗೆಯೋ?" ದೂರದರ್ಶನದ ಥಳಥಳ ನೋಡಿದ ಕಣ್ಣಿಗೆ ಇದು ಬಡವರ ಮನೆಯ ಭಾರತ. ಪಾತ್ರಧಾರಿಗಳೋ, ಹತ್ತಾರು ದೇಶದವರು. ಧರ್ಮರಾಯ ಪೋಲೆಂಡಿನವನು, ಅರ್ಜುನ ಇಟಲಿಯವನು, ದ್ರೋಣ ಜಪಾನಿನವನು, ಭೀಮ ಆಫ್ರಿಕದ ಸೆನೆಗಲ್ಲಿನವನು. "ಅಣ್ಣತಮ್ಮಂದಿರು ಒಂದೊಂದು ಬಣ್ಣ ಇದಾರಲ್ಲೇ" ಎಂದಳು. ನಾನು ಭಾಷಣದಲ್ಲಿ ಇದನ್ನೂ ಗೇಲಿ ಮಾಡಿದ್ದೆ. ಅಷ್ಟರಲ್ಲಿ ದೊಡ್ಡಮ್ಮನೇ, "ಇರಲಿ ಬಿಡು, ಒಬ್ಬೊಬ್ಬ ಒಬ್ಬೊಬ್ಬ ದೇವರಿಗೆ ಹುಟ್ಟಿದವರಲ್ವೇ, ಒಂದೇ ಥರ ಯಾಕಿರ್ತಾರೆ?" ಅಂದುಬಿಟ್ಟಳು. ಇಷ್ಟು ಸರಳವಾದ ಸಮರ್ಥನೆ ಯಾವ ವಿಮರ್ಶಕನಿಗೂ ಹೊಳೆದದ್ದನ್ನು ನಾನು ಕಾಣೆ.

ಕೃಷ್ಣನ ವಿಷಯದಲ್ಲಿ ಅವಳು ರಾಜಿಯಾಗಲಿಲ್ಲ. ಬ್ರೂಸ್ ಮೈಯರ್ಸ್ ಎಂಬ ನಟ ಮೊದಲು ಆನೆಮುಖ ಹಾಕಿ ಗಣಪತಿಯಾಗಿ ಬಂದು ವ್ಯಾಸರಿಗೆ ಬರೆದುಕೊಡುತ್ತಾನೆ. ಆಮೇಲೆ ಅವನೇ ಕೃಷ್ಣ. ನಗುವಿಲ್ಲ, ತುಂಟತನವಿಲ್ಲ. "ಇವನಾ ಕೃಷ್ಣ? ಬ್ಯಾಂಕಿನ ಮ್ಯಾನೇಜರ್ ಇದ್ದ ಹಾಗಿದಾನೆ!" ಎಂದು ಮುಖ ಕಿವುಚಿದಳು. ಕುಮಾರವ್ಯಾಸನ ಭಾರತವೆಂದರೆ ಕೃಷ್ಣನ ಕಥೆ ಎಂದು ನಂಬಿದವಳಿಗೆ ಇನ್ನೇನು ಅನ್ನಿಸಬೇಕು? ನಮ್ಮಲ್ಲಿ ಒಂದೊಂದು ಶ್ಲೋಕಕ್ಕೆ ಒಂದೊಂದು ದಿನ ವ್ಯಾಖ್ಯಾನ ನಡೆಯುವ ಗೀತೆ ಆ ಚಿತ್ರದಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಭರೂಚಾ ಅವರ ಆಕ್ಷೇಪಗಳಲ್ಲಿ ಗೀತೆಯದೂ ಒಂದು. ಅದು ನ್ಯಾಯವಾದ ಆಕ್ಷೇಪವೆಂದು ನನಗೆ ಈಗಲೂ ಅನ್ನಿಸುತ್ತದೆ.

ಆದರೆ ಭೀಷ್ಮ ಬಂದಾಗ ಅವಳು ಒರಗಿದ್ದ ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು. ಕಡ್ಡಿಯಂಥ ಮೈ, ಎತ್ತರದ ಆಳು, ಕರಿಯ ಬಣ್ಣ, ಕೈ ಎತ್ತಿ ಮಾತನಾಡುವ ಒಂದು ಗತ್ತು. "ಇವನಿಗೆ ಕಥೆ ಹೇಳಿ ಗೊತ್ತು" ಎಂದಳು. ಅವಳಿಗೆ ಇಂಗ್ಲಿಷ್ ಒಂದಕ್ಷರ ಬಾರದು! ಆ ನಟನ ಹೆಸರು ಸೋತಿಗಿ ಕುಯಾತೆ. ಅವನು ಪಶ್ಚಿಮ ಆಫ್ರಿಕದಲ್ಲಿ 'ಗ್ರಿಯೋ' ಎಂದು ಕರೆಯುವ ಮನೆತನದವನು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ರಾಜರ, ಕುಲಗಳ ವಂಶಾವಳಿಯನ್ನು ನೆನಪಿನಲ್ಲಿಟ್ಟು ಹಾಡಿ ಹೇಳುವುದು ಗ್ರಿಯೋಗಳ ವಂಶಪಾರಂಪರ್ಯ ಕಸುಬು. ಎತ್ತಿನ ಮೇಲೆ ಕೂತು ಮನೆಮನೆಗೆ ಬಂದು ಏಳು ತಲೆಮಾರಿನ ಹೆಸರು ಹೇಳುವ ನಮ್ಮ ಹೆಳವರ ಹಾಗೆ. ಟಿ.ವಿ.ಯಲ್ಲಿ ನಾವು ನೋಡಿದ ಹತ್ತಿ ಗಡ್ಡದ ಭೀಷ್ಮನಲ್ಲಿ ಕಾಣದ್ದನ್ನು ಅವಳು ಇವನಲ್ಲಿ ಕಂಡಳು.

ಆಮೇಲೆ ದ್ಯೂತ. ದ್ರೌಪದಿ ಬಂದಳು.

ದ್ರೌಪದಿ ಮಲ್ಲಿಕಾ ಸಾರಾಭಾಯ್. ವಿಕ್ರಮ್ ಸಾರಾಭಾಯ್ ಮತ್ತು ನೃತ್ಯಗಾರ್ತಿ ಮೃಣಾಲಿನಿಯವರ ಮಗಳು, ಅಹಮದಾಬಾದಿನವರು. ಅಷ್ಟು ದೊಡ್ಡ ತಂಡದಲ್ಲಿ ಮುಖ್ಯ ಪಾತ್ರ ವಹಿಸಿದ ಭಾರತದವರು ಅವರೊಬ್ಬರೇ. ಫ್ರೆಂಚ್ ಕಲಿತು ಪಾತ್ರ ಮಾಡಬೇಕಾಯಿತು, ಎಳೆಯ ಮಗುವನ್ನು ಕಟ್ಟಿಕೊಂಡು ಪರದೇಶದಲ್ಲಿರಬೇಕಾಯಿತು. ದ್ರೌಪದಿಯನ್ನು ಹೇಗೆ ಕಾಣಬೇಕು ಎಂಬ ಬಗ್ಗೆ ಬ್ರೂಕ್ ಮತ್ತು ಕಾರಿಯೇರ್ ಜೊತೆ ತಾವು ವಾದ ಮಾಡಬೇಕಾಯಿತೆಂದು ಅವರು ಆಮೇಲೆ ಸಂದರ್ಶನಗಳಲ್ಲಿ ಹೇಳಿದ್ದಾರೆ. ಹೆಂಗಸರಾದ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹತ್ತು ವರ್ಷ ಓದಿದ ಇಬ್ಬರು ಪಂಡಿತರ ಮುಂದೆ, ಓದುವುದಕ್ಕೂ ಮೊದಲೇ ಅಜ್ಜಿಯ ಬಾಯಿಂದ ಕಥೆ ಕೇಳಿದ ಒಬ್ಬಳು ನಿಂತು, 'ಇವಳು ಹಾಗಲ್ಲ' ಎನ್ನಬೇಕು! ಪರದೇಶದವರು ನಮ್ಮ ಕಥೆ ಹೇಳಬಾರದು ಎಂದು ಹೊರಗೆ ನಿಂತು ನಾನು ಕೂಗಿದ್ದೆ. ಆಕೆ ಒಳಗೆ ಹೋಗಿ ಒಂದು ಪಾತ್ರಕ್ಕಾಗಿ ಜಗಳವಾಡಿದರು. ಅಲ್ಲಿಂದ ಬಂದು 1989ರಲ್ಲಿ ತಾವೇ 'ಶಕ್ತಿ' ಎಂಬ ಏಕವ್ಯಕ್ತಿ ಪ್ರದರ್ಶನ ಕಟ್ಟಿದರು.

ದುಶ್ಶಾಸನ ಮುಡಿ ಹಿಡಿದು ಎಳೆದು ತಂದ. ಸಭೆಯಲ್ಲಿ ಬಿದ್ದವಳು ತಲೆಯೆತ್ತಿ ಆ ಪ್ರಶ್ನೆ ಕೇಳಿದಳು. ಧರ್ಮರಾಯ ತನ್ನನ್ನು ಸೋತುಕೊಂಡದ್ದು ಮೊದಲೋ, ನನ್ನನ್ನು ಸೋತದ್ದು ಮೊದಲೋ? ನಾನು ಅನುವಾದಿಸಲು ಬಾಯಿ ತೆರೆದೆ. ದೊಡ್ಡಮ್ಮ ಕೈ ಅಡ್ಡ ಮಾಡಿದಳು. ಬೇಡ, ಗೊತ್ತು ಎಂಬಂತೆ.

ಗಮಕದಲ್ಲಿ ಈ ಭಾಗ ಬಂದಾಗ ಕೇಳುವವರೆಲ್ಲ ಅಳುತ್ತಾರೆ. ದೊಡ್ಡಮ್ಮನೂ ಅಳುತ್ತಿದ್ದಳು. ಆದರೆ ಅದು ಕೃಷ್ಣ ಬರುವನೆಂಬ ಭರವಸೆಯ ಅಳು, ಅಕ್ಷಯವಾಗುವ ಸೀರೆಗೆ ಕಾಯುವ ಅಳು. ಅಂದು ಅವಳು ಅಳಲಿಲ್ಲ. ಕ್ಯಾಸೆಟ್ಟು ಮುಗಿದು ಟಿ.ವಿ.ಯಲ್ಲಿ ಬರೀ ಚುಕ್ಕಿ ಓಡುತ್ತಿತ್ತು. ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡು ಕೇಳಿದಳು:

"ಆ ಹುಡುಗಿ ನಮ್ಮ ಕಡೆಯವಳಾ?"

"ಹೌದು ದೊಡ್ಡಮ್ಮ, ಗುಜರಾತಿನವಳು."

"ಕೂದಲು ಹಿಡಿದು ಎಳೆದರೆ ಕುತ್ತಿಗೆ ಹಾಗೇ ಹಿಂದಕ್ಕೆ ಹೋಗುತ್ತೆ ಕಣೇ. ಅವಳಿಗೆ ಗೊತ್ತಿದೆ."

ಸ್ವಲ್ಪ ಹೊತ್ತು ಸುಮ್ಮನಿದ್ದು, 1925ರ ಒಂದು ಬೆಳಗಿನ ಮಾತು ಹೇಳಿದಳು. ನಮ್ಮ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಹಿತ್ತಿಲಿನಲ್ಲಿ ಮಣೆ ಹಾಕಿ ಕೂರಿಸಿದ್ದರು. ಕ್ಷೌರಿಕನಿಗೂ ಕೈ ನಡುಗುತ್ತಿತ್ತಂತೆ. ಇವಳು ಎದ್ದು ಓಡಿದಳು. ಮೊಣಕಾಲಿನ ತನಕ ಬರುತ್ತಿದ್ದ ಜಡೆ. ಮನೆಯ ಹಿರಿಯರೊಬ್ಬರು ಅದೇ ಜಡೆಯನ್ನು ಹಿಡಿದು ಎಳೆದು ತಂದು ಮತ್ತೆ ಕೂರಿಸಿದರು. "ಜಗಲಿ ತುಂಬಾ ಜನ ಇದ್ದರು. ಎಲ್ಲ ದೊಡ್ಡವರೇ. ತಲೆ ತಗ್ಗಿಸಿ ಕೂತಿದ್ದರು. ಆ ಕಪ್ಪು ಭೀಷ್ಮ ಕೂತಿದ್ದನಲ್ಲ, ಹಾಗೇ" ಎಂದಳು. "ನನಗೇನು ಸೀರೆ ಬರಲಿಲ್ಲ ನೋಡು."

ಅಷ್ಟು ಹೇಳಿ ಎದ್ದು, ಗೋಧಿಹಿಟ್ಟು ಜರಡಿ ಹಿಡಿಯುವುದಿದೆ ಎಂದು ಒಳಗೆ ಹೋದಳು.

ನಾನು ಆ ರಾತ್ರಿ ಮಲಗಲಿಲ್ಲ. ನನ್ನ ಭಾಷಣದ ಒಂದೊಂದು ವಾಕ್ಯವೂ ನೆನಪಾಯಿತು. ಕಥೆಯನ್ನು ಕತ್ತರಿಸಿದರು, ಕೆಡಿಸಿದರು ಎಂದು ಕೂಗಿದ್ದೆನಲ್ಲ, ನಾವೇನು ಕಡಿಮೆ ಕತ್ತರಿಸಿದ್ದೇವೆಯೇ? ಮಾರನೆಯ ದಿನ ಕಪಾಟಿನಿಂದ ಪುಸ್ತಕಗಳನ್ನು ತೆಗೆದೆ. ಪಂಪ 941ರ ಸುಮಾರಿಗೆ 'ವಿಕ್ರಮಾರ್ಜುನ ವಿಜಯ' ಬರೆದ. ತನ್ನ ಒಡೆಯ ಅರಿಕೇಸರಿಯನ್ನೇ ಅರ್ಜುನನೆಂದು ಇಟ್ಟುಕೊಂಡು ಬರೆದದ್ದರಿಂದ ಐವರು ಗಂಡಂದಿರ ದ್ರೌಪದಿ ಅವನಿಗೆ ತೊಡಕಾಯಿತು. ಅವಳನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ. ಕೊನೆಗೆ ಪಟ್ಟಾಭಿಷೇಕದಲ್ಲಿ ಅರ್ಜುನನ ಪಕ್ಕದಲ್ಲಿ ಕೂರುವವಳು ಸುಭದ್ರೆ! ಇಷ್ಟೆಲ್ಲ ಪಾಡು ಪಟ್ಟವಳು ಎಲ್ಲಿ ಹೋದಳು ಎಂದು ಕೇಳುವವರಿಲ್ಲ. ಪಂಪ ಮಹಾಕವಿ, ಅದರಲ್ಲಿ ಎರಡು ಮಾತಿಲ್ಲ. ಅವನ ಕರ್ಣನನ್ನು ಓದಿ ಅಳದವರು ಯಾರು? ಆದರೂ ಹಣ ಕೊಟ್ಟು ಕಥೆ ಹೇಳಿಸುವವನು ಎದುರಿಗೆ ಕೂತಾಗ ಮೊದಲು ಯಾರ ಪಾತ್ರಕ್ಕೆ ಕತ್ತರಿ ಬೀಳುತ್ತದೆ ಎಂಬುದನ್ನು ಅವನಲ್ಲೂ ಕಾಣಬಹುದು. ಅಂದು ಒಡೆಯ ಒಬ್ಬ ಸಾಮಂತರಾಜ. ಬ್ರೂಕನ ಕಾಲಕ್ಕೆ ನಾಟಕೋತ್ಸವಗಳು, ಟೆಲಿವಿಷನ್ ಸಂಸ್ಥೆಗಳು. ಈಗ ಪ್ರಪಂಚದ ದೊಡ್ಡ ದೊಡ್ಡ ಪರದೆಗಳು.

ಕುಮಾರವ್ಯಾಸನೋ, ಹತ್ತು ಪರ್ವ ಬರೆದು ಗದಾಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿ ಪೂರೈಸಿದ. ಗದಾಪರ್ವದ ನಂತರ ವ್ಯಾಸಭಾರತದಲ್ಲಿ ಬರುವುದು ಸೌಪ್ತಿಕ, ಅದರ ಹಿಂದೆಯೇ ಸ್ತ್ರೀಪರ್ವ. ರಣಭೂಮಿಗೆ ಹೆಂಗಸರು ಬಂದು ತಮ್ಮ ತಮ್ಮ ಗಂಡಂದಿರ, ಮಕ್ಕಳ ತಲೆ, ಕೈ, ಕಾಲು ಹುಡುಕುವ ಪರ್ವ. ಗಾಂಧಾರಿ ಕೃಷ್ಣನಿಗೇ ಶಾಪ ಕೊಡುವುದು ಅಲ್ಲಿ. ಗಮಕ ಕೇಳುವ ನಮ್ಮ ಮನೆಗಳಲ್ಲಿ ಅದರ ವಾಚನ ನಾನಂತೂ ಕೇಳಿಲ್ಲ. ಭೀಮನ ಗದೆ ಬಿದ್ದು ಕೌರವ ಉರುಳಿದರೆ ಮುಗಿಯಿತು, ಮಂಗಳಾರತಿ, ಪಾನಕ, ಕೋಸಂಬರಿ.

ಎರಡನೆಯ ಕ್ಯಾಸೆಟ್ಟು ಕರೆಂಟಿನ ಕಾಟದಲ್ಲಿ ಹೇಗೋ ಮುಗಿಯಿತು. ವನವಾಸ ದೊಡ್ಡಮ್ಮನಿಗೆ ಹಿಡಿಸಲಿಲ್ಲ. ಮೂರನೆಯದರಲ್ಲಿ ಯುದ್ಧ. ಕರ್ಣ ಬಿದ್ದ, ದುರ್ಯೋಧನ ತೊಡೆ ಮುರಿದು ಬಿದ್ದ. ಅಷ್ಟಕ್ಕೆ ದೊಡ್ಡಮ್ಮ ಕೈಮುಗಿದು, "ಆಯ್ತಲ್ಲ, ಮುಗೀತು, ನಿಲ್ಲಿಸು" ಎಂದಳು. "ಇನ್ನೂ ಇದೆ ದೊಡ್ಡಮ್ಮ" ಎಂದೆ. "ಇದ್ದರೆ ನೀನು ನೋಡಿಕೋ. ನನ್ನ ಪುಸ್ತಕ ಇಲ್ಲಿಗೆ ಮುಗೀತು. ಮುಂದಿನದು ನನಗೆ ಗೊತ್ತಿರೋದೇ" ಎಂದು ಮಣೆ ಎತ್ತಿಟ್ಟಳು. ಅಂಗಡಿಯ ಹುಡುಗ ವಿ.ಸಿ.ಪಿ. ಒಯ್ಯಲು ಬೆಳಗ್ಗೆಯೇ ಬರುತ್ತಾನೆಂದು ಉಳಿದದ್ದನ್ನು ರಾತ್ರಿ ನಾನೊಬ್ಬಳೇ ಸದ್ದು ಕಡಿಮೆ ಮಾಡಿ ನೋಡಿದೆ. ಸತ್ತವರ ನಡುವೆ ಅಳುವ ಹೆಂಗಸರಿಗೆ ಅಲ್ಲಿಯೂ ಸಿಕ್ಕಿದ್ದು ಸ್ವಲ್ಪವೇ ಹೊತ್ತು. ಅದೇ ಕಾರಣಕ್ಕೆ ಬ್ರೂಕನನ್ನು ಬೈಯಬೇಕೆಂದಿದ್ದೆ, ಆಗಲಿಲ್ಲ.

ಮಹಿಳಾ ಸಮಾಜದಲ್ಲಿ ಮತ್ತೊಮ್ಮೆ ಮಾತನಾಡಿ, ಹಿಂದೆ ಚಿತ್ರ ನೋಡದೆ ಮಾತನಾಡಿದ್ದೆ ಎಂದು ಒಪ್ಪಿಕೊಂಡೆ. ಈ ಸಲ ಚಪ್ಪಾಳೆ ಅಷ್ಟು ಬೀಳಲಿಲ್ಲ. ಅಧ್ಯಕ್ಷೆ ಮಾತ್ರ ಕಾಫಿ ಕೊಡುವಾಗ, "ಆ ಕ್ಯಾಸೆಟ್ಟು ಒಂದು ವಾರಕ್ಕೆ ಕೊಡ್ತೀರಾ?" ಎಂದು ಮೆಲ್ಲಗೆ ಕೇಳಿದರು.

ದೊಡ್ಡಮ್ಮ 1994ರಲ್ಲಿ ತೀರಿಕೊಂಡಳು. ಕಾರಿಯೇರ್ 2021ರಲ್ಲಿ, ಬ್ರೂಕ್ 2022ರಲ್ಲಿ. ಬ್ರೂಕ್ ತನ್ನ ತೊಂಬತ್ತನೆಯ ವಯಸ್ಸಿನಲ್ಲಿ, 2015ರಲ್ಲಿ, ಮತ್ತೆ ಮಹಾಭಾರತಕ್ಕೇ ಬಂದು 'ಬ್ಯಾಟಲ್‌ಫೀಲ್ಡ್' ಎಂಬ ಪುಟ್ಟ ನಾಟಕ ಮಾಡಿದ್ದ. ಒಂಬತ್ತು ಗಂಟೆಯದಲ್ಲ, ಸುಮಾರು ಒಂದು ಗಂಟೆಯದು. ನಾಲ್ಕೇ ನಟರು. ಕಥೆ ಯಾವುದು ಗೊತ್ತೇ? ಯುದ್ಧ ಮುಗಿದ ಮೇಲಿನದು. ಗೆದ್ದ ಧರ್ಮರಾಯ ಹೆಣಗಳ ನಡುವೆ ನಿಂತು ಕುಂತಿಯಿಂದ ಕರ್ಣನ ಗುಟ್ಟು ತಿಳಿಯುವುದು, ಆಮೇಲಿನ ಅವನ ಸಂಕಟ. ಅದನ್ನು ಮುಂಬಯಿಗೂ ತಂದಿದ್ದರು. ದೊಡ್ಡಮ್ಮ 'ಸಾಕು' ಎಂದು ಮಣೆ ಎತ್ತಿಟ್ಟ ಜಾಗದಿಂದ ಅವನು ಮತ್ತೆ ಶುರು ಮಾಡಿದ್ದನೆಂದು ಪತ್ರಿಕೆಯಲ್ಲಿ ಓದಿದಾಗ ನನಗೆ ಏನೋ ಆಯಿತು.

ಇನ್ನೊಂದನ್ನು ಹೇಳಲೇಬೇಕು. ಯೂಗೊ ಸಾಕೊ ಎಂಬ ಜಪಾನಿನವರು ನಮ್ಮ ರಾಮ್ ಮೋಹನ್ ಅವರ ಜೊತೆ ಸೇರಿ ಕೈಯಲ್ಲಿ ಬರೆದ ಚಿತ್ರಗಳಿಂದ ರಾಮಾಯಣ ಮಾಡಿದ್ದರು. ಪರದೇಶದವರು ರಾಮನ ಕಾರ್ಟೂನು ಮಾಡುವುದೇ ಎಂದು ಇಲ್ಲಿ ಮೊದಲು ವಿರೋಧ ಬಂತು. ಚಿತ್ರ ಮುಗಿದದ್ದು 1992ರಲ್ಲಿ, ಅಯೋಧ್ಯೆ ಹೊತ್ತಿ ಉರಿದ ವರ್ಷ. ಸರಿಯಾಗಿ ಬಿಡುಗಡೆಯೇ ಆಗಲಿಲ್ಲ. ಮುಂದೆ ಮಕ್ಕಳು ಟಿ.ವಿ.ಯಲ್ಲಿ ನೋಡಿ ಮೆಚ್ಚಿಕೊಂಡರು. 2025ರ ಜನವರಿಯಲ್ಲಿ ಅದು ನಮ್ಮ ಚಿತ್ರಮಂದಿರಗಳಿಗೆ ಬಂದಾಗ ಮೊಮ್ಮಕ್ಕಳ ವಯಸ್ಸಿನ ಮಕ್ಕಳ ನಡುವೆ ಕೂತು ನೋಡಿದೆ. ಹಸಿರು ಕಾಡು, ನೀಲಿ ಆಕಾಶ, ಕಣ್ಣಿಗೆ ತಂಪು. ಹಿಂದಿ, ತಮಿಳು, ತೆಲುಗು, ಇಂಗ್ಲಿಷ್ ಎಲ್ಲ ಇತ್ತು, ಕನ್ನಡವಿರಲಿಲ್ಲ. ಪ್ರಪಂಚಕ್ಕೆಲ್ಲ ಅರ್ಥವಾಗಬೇಕು ಎನ್ನುವವರ ಪಟ್ಟಿಯಲ್ಲಿ ನಾವೂ ಇದ್ದಿದ್ದರೆ ಚೆನ್ನಾಗಿತ್ತು. ಇರಲಿ.

ಮೊನ್ನೆ ಮಗಳು ಮತ್ತೆ ಫೋನು ಮಾಡಿದ್ದಳು. ಆ ನಾಲ್ಕು ಸಾವಿರ ಕೋಟಿಯ ಮಾತೇ ಮತ್ತೆ. "ಅಮ್ಮಾ, ನೀನಿಲ್ಲಿಗೆ ಬಂದಾಗ ಒಟ್ಟಿಗೆ ನೋಡೋಣ. ಪಾಪೂಗೆ ನೀನು ಪಕ್ಕದಲ್ಲಿ ಕೂತು ಅರ್ಥ ಹೇಳಬೇಕು" ಎಂದಳು. ಪಾಪು ಅಂದರೆ ನನ್ನ ಮೊಮ್ಮಗಳು, ಏಳು ವರ್ಷದವಳು. ಕನ್ನಡ ತಿಳಿಯುತ್ತದೆ, ಆಡುವುದು ಇಂಗ್ಲಿಷು. ಫೋನು ಅವಳ ಕೈಗೆ ಹೋಯಿತು.

"ಅಜ್ಜೀ, ರಾವಣಂಗೆ ಹತ್ತು ತಲೆ ಅಲ್ವಾ? ಅವನ ಹೆಂಡ್ತಿಗೆ ಎಷ್ಟು?"

"ಒಂದೇ ಪುಟ್ಟೀ" ಎಂದೆ. "ಅವಳ ಹೆಸರು ಮಂಡೋದರಿ. ಅವಳ ಸೊಸೆ ಒಬ್ಬಳಿದ್ದಳು, ಸುಲೋಚನೆ ಅಂತ. ಅವಳ ಕಥೆ ಹೇಳಲಾ?"

"ಸಿನಿಮಾದಲ್ಲಿ ಬರ್ತಾಳಾ?"

"ಗೊತ್ತಿಲ್ಲ. ನೀನು ಮೊದಲು ಕೂತ್ಕೋ."

ಅಲ್ಲಿ ರಾತ್ರಿ ಒಂಬತ್ತೂವರೆ. ಅವಳು ಹಾಸಿಗೆಯ ಮೇಲೆ ಕೂತ ಸದ್ದು ಕೇಳಿಸಿತು. ನಾನು ಒಲೆ ಸಣ್ಣ ಮಾಡಿ ಹೇಳತೊಡಗಿದೆ.